ಆರೋಪಿಯ ಪಕ್ಕದಲ್ಲಿ ಪ್ರೇಕ್ಷಕರನ್ನು ಕೂರಿಸುವುದು ಹೇಗೆ: ಕಿರುಚಿತ್ರ ನಿರ್ದೇಶಕರಿಗೆ ಸಮಗ್ರ ಮಾರ್ಗದರ್ಶಿ

ಧಾರವಾಡದಲ್ಲಿ ನಾನು ನಡೆಸುವ ವಾರಾಂತ್ಯದ ಚಿತ್ರಕಥಾ ತರಗತಿಗೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಬರುವವರ ಕೈಯಲ್ಲಿ ಒಂದು ಬಗೆಯ ಕಥೆ ಇದ್ದೇ ಇರುತ್ತದೆ. ದಿಕ್ಕಿಲ್ಲದ ಒಬ್ಬರ ಮೇಲೆ ಕಳವಿನದೋ ಕೊಲೆಯದೋ ಆರೋಪ ಬರುತ್ತದೆ, ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ, ಕಟಕಟೆಯಲ್ಲಿ ಆ ಜೀವ ಕಣ್ಣೀರಿಡುತ್ತದೆ, ಹಿಂದಿನಿಂದ ಕೊಳಲು ಕೇಳಿಸುತ್ತದೆ. ಬರೆದವರ ಕಳಕಳಿಯ ಬಗ್ಗೆ ನನಗೆ ಒಂದಿಷ್ಟೂ ಅನುಮಾನವಿಲ್ಲ. ಆದರೂ ಚಿತ್ರ ಮುಗಿದ ಮೇಲೆ ನೋಡಿದವರು "ಪಾಪ" ಎಂದು ಹೇಳಿ ಎದ್ದು ಹೋಗುತ್ತಾರೆ.

ನನ್ನ ಮೊದಲ ಕಿರುಚಿತ್ರಕ್ಕೂ ಹೀಗೆಯೇ ಆಯಿತು. ಪ್ರದರ್ಶನ ಮುಗಿದ ಮೇಲೆ ವಯಸ್ಸಾದ ಹೆಣ್ಣುಮಗಳೊಬ್ಬರು ಹತ್ತಿರ ಬಂದು, "ಭಾಳ ಪಾಪ ಅನಸ್ತು ನೋಡ್ರಿ" ಎಂದರು. ಆರೋಪಿ ಏನು ಕೆಲಸ ಮಾಡುತ್ತಿದ್ದ ಎಂದು ನಾನು ಕೇಳಿದಾಗ ಅವರಿಗೆ ನೆನಪಾಗಲಿಲ್ಲ, ಪಕ್ಕದಲ್ಲಿದ್ದ ಅವರ ಮಗನಿಗೂ ನೆನಪಾಗಲಿಲ್ಲ. ಇಪ್ಪತ್ತು ನಿಮಿಷ ಅವನನ್ನು ನೋಡಿದವರಿಗೆ ಅವನ ಕಸುಬು ನೆನಪಿಲ್ಲವೆಂದರೆ ಅವರು ನೋಡಿದ್ದು ಅವನ ಕಷ್ಟವನ್ನು ಮಾತ್ರ, ಅವನನ್ನಲ್ಲ. ಕನಿಕರ ಮೇಲಿನಿಂದ ಕೆಳಗೆ ನೋಡುತ್ತದೆ. ನಮಗೆ ಬೇಕಾದ ಸಹಾನುಭೂತಿಗೆ ಪ್ರೇಕ್ಷಕರು ಆರೋಪಿಯ ಪಕ್ಕದಲ್ಲಿ, ಅದೇ ಬೆಂಚಿನ ಮೇಲೆ ಕೂತಿರಬೇಕು. ಈ ಮಾರ್ಗದರ್ಶಿ ಅಷ್ಟಕ್ಕೇ ಸೀಮಿತವಾಗಿದೆ. ಹಂತಗಳ ಕ್ರಮವನ್ನು ಬದಲಿಸಬೇಡಿ, ಏಕೆಂದರೆ ಹೆಚ್ಚಿನವರು ಸೋಲುವುದು ಕ್ಯಾಮೆರಾದಲ್ಲಲ್ಲ, ಯಾವುದನ್ನು ಮೊದಲು ಮಾಡಬೇಕೆಂಬಲ್ಲಿ.

ವಿವರಣೆಗಾಗಿ ತರಗತಿಯಲ್ಲಿ ಬಳಸುವ ಒಂದು ಕಲ್ಪಿತ ಕಥೆಯನ್ನೇ ಇಲ್ಲಿಯೂ ಇಟ್ಟುಕೊಳ್ಳುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿ. ಅದರ ಗಲ್ಲಾದಿಂದ 40,000 ರೂಪಾಯಿ ಕಾಣೆಯಾಗಿದೆ. ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ, ಓದುಬರಹ ಬಾರದ, ನಲವತ್ತು ದಾಟಿದ ಹೆಣ್ಣುಮಗಳೊಬ್ಬಳ ಮೇಲೆ ಸಂಶಯ ಬಿದ್ದಿದೆ.

ಆರಂಭಕ್ಕೆ ಬೇಕಾದ ಸಲಕರಣೆ

ಮೊದಲನೆಯದಾಗಿ, ಕೋರ್ಟಿನಲ್ಲಿ ಎರಡು ಪೂರ್ಣ ದಿನ. ನಮ್ಮ ಕ್ರಿಮಿನಲ್ ನ್ಯಾಯಾಲಯಗಳು ಸಾಮಾನ್ಯವಾಗಿ ತೆರೆದ ನ್ಯಾಯಾಲಯಗಳು. ಅತ್ಯಾಚಾರ, ಪೋಕ್ಸೊ ಮುಂತಾದ ಪ್ರಕರಣಗಳನ್ನು ಬಿಟ್ಟರೆ ಹಿಂದಿನ ಬೆಂಚಿನಲ್ಲಿ ಶಾಂತವಾಗಿ ಕೂರಲು ಅಡ್ಡಿಯಿಲ್ಲ. ಫೋನ್ ಬಂದ್ ಮಾಡಿ ಒಳಗಿಡಿ, ಚಿತ್ರೀಕರಣದ ಯೋಚನೆಯನ್ನೂ ಮಾಡಬೇಡಿ. ವಕೀಲರ ವಾದಕ್ಕಿಂತ ತಮ್ಮ ಕೇಸು ಕೂಗುವವರೆಗೆ ಕಾಯುವ ಜನರನ್ನು ನೋಡಿ: ಯಾರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ, ಯಾರು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದಿದ್ದಾರೆ, ಯಾರು ಖಾಲಿ ಬೆಂಚಿದ್ದರೂ ಗೋಡೆಗೆ ಒರಗಿ ನಿಂತಿದ್ದಾರೆ ಎಂಬುದನ್ನು ಬರೆದುಕೊಳ್ಳಿ.

ಎರಡನೆಯದು, ನೆಲಮಟ್ಟಕ್ಕೆ ಇಳಿಯುವ ಟ್ರೈಪಾಡ್. ಅದಿಲ್ಲದಿದ್ದರೆ ಉಸುಕು ತುಂಬಿದ ಗೋಣಿಚೀಲವೂ ನಡೆಯುತ್ತದೆ. ಲೆನ್ಸ್‌ಗಳಲ್ಲಿ ಅಗಲ ನೋಟಕ್ಕೆ 35 ಮತ್ತು ಹತ್ತಿರದ ನೋಟಕ್ಕೆ 85 ಮಿ.ಮೀ. ಇದ್ದರೆ ಸಾಕು. ಮೊಬೈಲ್‌ನಲ್ಲಿ ತೆಗೆಯುವವರು ಜೂಮ್ ಮುಟ್ಟದೆ, ಹತ್ತಿರದ ಶಾಟ್ ಬೇಕಾದಾಗ ತಾವೇ ನಡೆದು ಹತ್ತಿರ ಹೋಗಬೇಕು. ಮೂರನೆಯದು, ಪಿಸುಮಾತನ್ನೂ ಉಸಿರನ್ನೂ ಹಿಡಿಯಬಲ್ಲ ಒಂದು ಕಾಲರ್ ಮೈಕ್. ನಾಲ್ಕನೆಯದು, ಕ್ರಿಮಿನಲ್ ಕೇಸು ನಡೆಸುವ ವಕೀಲರೊಬ್ಬರಿಂದ ಚಿತ್ರಕಥೆಯ ಓದು. ಆಸ್ತಿ ವ್ಯಾಜ್ಯ ನಡೆಸುವ ವಕೀಲರು ಎಷ್ಟೇ ಹಿರಿಯರಾದರೂ ಠಾಣೆಯ ರಾತ್ರಿಯನ್ನು ಬಲ್ಲವರಾಗಿರುವುದಿಲ್ಲ.

ಹಂತ 1: ದುರ್ಬಲತೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಆಕೆ ಬಡವಳು" ಎಂಬುದು ದುರ್ಬಲತೆಯ ವಿವರಣೆಯಲ್ಲ. ಬಡತನ ಆಕೆಯನ್ನು ಪ್ರಕರಣದ ಯಾವ ಜಾಗದಲ್ಲಿ, ಯಾವ ರೀತಿಯಲ್ಲಿ ಅಸಹಾಯಕಳನ್ನಾಗಿ ಮಾಡುತ್ತದೆ ಎಂಬುದನ್ನು ಹೇಳುವ ವಾಕ್ಯ ಬೇಕು. ನಮ್ಮ ಕಥೆಗೆ ಬರೆದ ವಾಕ್ಯ ಹೀಗಿದೆ: "ತನ್ನ ಹೆಸರಿನ ಕೆಳಗೆ ಏನು ಬರೆದಿದ್ದಾರೆಂದು ಓದಲಾಗದೆ ಆಕೆ ಹೆಬ್ಬೆಟ್ಟು ಒತ್ತಬೇಕಾಗುತ್ತದೆ." ಇದರಲ್ಲಿ ಒಂದು ಕ್ರಿಯೆಯಿದೆ, ಒಂದು ವಸ್ತುವಿದೆ, ಕ್ಯಾಮೆರಾ ಇಡಲು ಒಂದು ಸ್ಥಳವಿದೆ.

ಸಾಮಾನ್ಯ ತಪ್ಪೆಂದರೆ ದುರ್ಬಲತೆಗಳನ್ನು ಗುಡ್ಡೆ ಹಾಕುವುದು. ಗಂಡ ಸತ್ತಿದ್ದಾನೆ, ಮಗನಿಗೆ ಕಾಯಿಲೆ, ಮನೆ ಸೋರುತ್ತದೆ, ಸಾಲಗಾರ ಬಾಗಿಲಲ್ಲಿ ನಿಂತಿದ್ದಾನೆ ಎಂದು ಒಂದರ ಮೇಲೊಂದು ಹೇರಿದಂತೆ ಪ್ರೇಕ್ಷಕರು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗುತ್ತಾರೆ. ತಮ್ಮಿಂದ ಅಳುವನ್ನು ವಸೂಲಿ ಮಾಡಲಾಗುತ್ತಿದೆ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ. ಒಂದನ್ನು ಆರಿಸಿಕೊಂಡು ಉಳಿದವನ್ನು ಕೈಬಿಡಿ.

ಹಂತ 2: ಆರೋಪಕ್ಕಿಂತ ಮೊದಲು ಕೈಗಳನ್ನು ತೋರಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಮಾಡಲು ಸಮಯವಿದೆ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮೊದಲ ದೃಶ್ಯದಲ್ಲೇ ಪೊಲೀಸ್ ಜೀಪು ಬಂದರೆ ಆ ಮನುಷ್ಯ ಪ್ರೇಕ್ಷಕರಿಗೆ ಪರಿಚಯವಾಗುವುದೇ ಆರೋಪಿಯೆಂದು. ಆಮೇಲೆ ಎಷ್ಟು ಫ್ಲ್ಯಾಶ್‌ಬ್ಯಾಕ್ ಹಾಕಿದರೂ ಅದು ಸಮರ್ಥನೆಯಂತೆ ಕೇಳಿಸುತ್ತದೆ. ಆರೋಪ ಬರುವ ಮೊದಲು ಕನಿಷ್ಠ ಎರಡು ನಿಮಿಷ ಆ ವ್ಯಕ್ತಿ ತನ್ನ ಕೆಲಸವನ್ನು ಚೆನ್ನಾಗಿ, ಯಾರ ಕನಿಕರವೂ ಬೇಡದೆ ಮಾಡುವುದನ್ನು ನಾವು ನೋಡಬೇಕು. ಕೈಚಳಕ ಕಂಡಲ್ಲಿ ಮೂಡುವುದು ಗೌರವ. ಆ ಗೌರವ ಮೊದಲು ಮೂಡಿದ್ದರೆ ಮುಂದೆ ಬರುವ ಅವಮಾನ ಪ್ರೇಕ್ಷಕರಿಗೂ ತಟ್ಟುತ್ತದೆ.

ನಮ್ಮ ಹೆಣ್ಣುಮಗಳ ಕೆಲಸವನ್ನು ಹತ್ತಿರದಿಂದ ನೋಡೋಣ. ಕೆಂಪು ರಾಶಿಯ ಮುಂದೆ ಕೂತು ಎಡಗೈಯಲ್ಲಿ ಕಾಯಿ ಹಿಡಿದು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ತೊಟ್ಟು ಮುರಿಯುತ್ತಾಳೆ. ಕಣ್ಣು ಕೆಲಸದ ಮೇಲಿಲ್ಲ, ಪಕ್ಕದವಳ ಮಾತಿನ ಮೇಲಿದೆ. ಬೆರಳು ತಾನಾಗಿ ಓಡುತ್ತದೆ. ಘಾಟಿಗೆ ಸೆರಗು ಮೂಗಿನ ಮೇಲಿದೆ. ಕಣ್ಣಲ್ಲಿ ನೀರು ಬಂದಾಗ ಆಕೆ ಬೆರಳಿನಿಂದ ಒರೆಸಿಕೊಳ್ಳುವುದಿಲ್ಲ, ಒರೆಸಿಕೊಳ್ಳುವಂತೆಯೂ ಇಲ್ಲ, ಏಕೆಂದರೆ ಬೆರಳ ತುಂಬ ಖಾರವಿದೆ. ತೋಳನ್ನು ಎತ್ತಿ, ಮೊಣಕೈಗಿಂತ ಮೇಲಿನ ಭಾಗಕ್ಕೆ ಕಣ್ಣನ್ನು ಒತ್ತಿಕೊಳ್ಳುತ್ತಾಳೆ. ಸಂಭಾಷಣೆಯಿಲ್ಲದ ಈ ಒಂದು ಚಲನೆಯನ್ನು ಸ್ಪಷ್ಟವಾಗಿ, ಅವಸರವಿಲ್ಲದೆ, ಒಮ್ಮೆ ಮಾತ್ರ ತೋರಿಸಿ. ಚಿತ್ರದ ನಡುಭಾಗದಲ್ಲಿ, ಮೂರು ದಿನದಿಂದ ಮೆಣಸಿನಕಾಯಿ ಮುಟ್ಟದ ಅದೇ ಹೆಣ್ಣುಮಗಳು ಕಸ್ಟಡಿಯಲ್ಲಿ ಕಣ್ಣೀರು ಬಂದಾಗ ಮತ್ತೆ ತೋಳನ್ನೇ ಎತ್ತಿದರೆ, ಆಕೆಯ ಇಡೀ ಬದುಕು ಆ ತೋಳಿನಲ್ಲಿ ಕಾಣುತ್ತದೆ. ಅದಕ್ಕೆ ಸಂಗೀತ ಬೇಕಿಲ್ಲ, ಕ್ಲೋಸಪ್ ಕೂಡ ಬೇಕಿಲ್ಲ.

ಇಂಥ ಚಲನೆಯನ್ನು ಮೇಜಿನ ಮುಂದೆ ಕೂತು ಕಲ್ಪಿಸಿಕೊಳ್ಳಲು ಆಗದು. ನಿಮ್ಮ ಕಥೆಯ ಆರೋಪಿ ಬೆಟಗೇರಿಯ ಮಗ್ಗದ ನೇಕಾರನಾಗಿದ್ದರೆ ಬೆಟಗೇರಿಗೆ ಹೋಗಿ, ಹುಬ್ಬಳ್ಳಿಯ ಹಮಾಲನಾಗಿದ್ದರೆ ಬೆಳಗಿನ ಜಾವ ಎಪಿಎಂಸಿಗೆ ಹೋಗಿ, ಆ ಕೆಲಸ ದೇಹಕ್ಕೆ ಏನು ಕಲಿಸಿದೆ ಎಂಬುದನ್ನು ಹುಡುಕಿ. ಕೆಲಸ ನಿಂತ ಮೇಲೂ ದೇಹ ಬಿಡದ ಅಭ್ಯಾಸವೊಂದು ಸಿಗುವವರೆಗೆ ಚಿತ್ರಕಥೆ ಬರೆಯಲು ಕೂರಬೇಡಿ.

ಹಂತ 3: ಬಿಡುಗಡೆಯನ್ನು ಬಿಟ್ಟು ಬೇರೊಂದು ಆಸೆ ಕೊಡಿ

ಆರೋಪಿಗೆ ಬಿಡುಗಡೆ ಬೇಕೆಂಬುದು ಹೇಳದೆಯೂ ಗೊತ್ತಿರುವ ಮಾತು. ಅದರ ಜೊತೆಗೆ ಸಣ್ಣದೊಂದು, ದಿನಾಂಕವಿರುವ ಕೆಲಸ ಬಾಕಿಯಿರಬೇಕು. ನಮ್ಮ ಕಥೆಯಲ್ಲಿ ಆಕೆ ತಿಂಗಳು ಮುಗಿಯುವುದರೊಳಗೆ ರೇಷನ್ ಅಂಗಡಿಯ ಯಂತ್ರದಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ತರಬೇಕು. ತೊಟ್ಟು ಮುರಿದು ಸವೆದ ಬೆರಳನ್ನು ಯಂತ್ರ ಗುರುತಿಸುತ್ತಿಲ್ಲ. ಮೂರು ಸಲ ಒತ್ತುತ್ತಾಳೆ, ಮೂರು ಸಲವೂ ಆಗುವುದಿಲ್ಲ, ಅಂಗಡಿಯವ "ನಾಳೆ ಬಾ" ಎನ್ನುತ್ತಾನೆ. ಮರುದಿನ ಆಕೆಯ ಬಂಧನವಾಗುತ್ತದೆ. ಠಾಣೆಯಲ್ಲಿ ಅದೇ ಬೆರಳನ್ನು ಶಾಯಿಯ ಪ್ಯಾಡಿಗೆ ಒತ್ತಿ ಕಾಗದದ ಮೇಲೆ ಇಡುತ್ತಾರೆ, ಮೊದಲ ಸಲಕ್ಕೇ ಗುರುತು ಮೂಡುತ್ತದೆ. ನಟಿ ಇಲ್ಲಿ ಮಾಡಬೇಕಾದದ್ದು ಇಷ್ಟೇ: ಶಾಯಿ ಹತ್ತಿದ ಬೆರಳನ್ನು ಒಂದು ಕ್ಷಣ ನೋಡಿಕೊಳ್ಳುವುದು.

ಎಚ್ಚರಿಕೆಯ ಲಕ್ಷಣವೊಂದನ್ನು ಇಲ್ಲೇ ಹೇಳಬೇಕು. ಆ ಸಣ್ಣ ಆಸೆ ಮಗುವಿನ ಶಸ್ತ್ರಚಿಕಿತ್ಸೆಗೆ ಲಕ್ಷ ರೂಪಾಯಿ ಹೊಂದಿಸುವಷ್ಟು ದೊಡ್ಡದಾದರೆ ಅದು ಕಥೆಯನ್ನೇ ನುಂಗುತ್ತದೆ, ಮೇಲಾಗಿ ಪ್ರೇಕ್ಷಕರು ಅದರಲ್ಲಿ ಕಳವಿಗೆ ಕಾರಣ ಹುಡುಕತೊಡಗುತ್ತಾರೆ.

ಹಂತ 4: ಪ್ರೇಕ್ಷಕರಿಗೆ ಎಷ್ಟು ಗೊತ್ತಿರಬೇಕೆಂದು ನಿರ್ಧರಿಸಿ

ದಾರಿಗಳು ಮೂರು. ಮೊದಲನೆಯದರಲ್ಲಿ ಆಕೆ ಕದ್ದಿಲ್ಲವೆಂದು ನಮಗೆ ಮೊದಲಿನಿಂದಲೇ ಗೊತ್ತಿರುತ್ತದೆ. ಆಲ್ಫ್ರೆಡ್ ಹಿಚ್‌ಕಾಕ್‌ನ 1956ರ 'ದಿ ರಾಂಗ್ ಮ್ಯಾನ್' ಹಾಗೆಯೇ ನಡೆಯುತ್ತದೆ. ಸಂಗೀತಗಾರನೊಬ್ಬನನ್ನು ದರೋಡೆಕೋರನೆಂದು ತಪ್ಪಾಗಿ ಗುರುತಿಸಿ ಹಿಡಿದ ಮೇಲೆ ನಮ್ಮ ಆತಂಕವೆಲ್ಲ ಪ್ರತಿ ಬಾಗಿಲು ಮುಚ್ಚುವ ರೀತಿಯಲ್ಲಿರುತ್ತದೆ. ಮೊದಲ ಚಿತ್ರ ಮಾಡುವವರಿಗೆ ನಾನು ಈ ದಾರಿಯನ್ನೇ ಸೂಚಿಸುತ್ತೇನೆ.

ಎರಡನೆಯದರಲ್ಲಿ ಕದ್ದಳೋ ಇಲ್ಲವೋ ನಮಗೆ ತಿಳಿಯುವುದೇ ಇಲ್ಲ. ಸಿಡ್ನಿ ಲ್ಯುಮೆಟ್‌ನ '12 ಆಂಗ್ರಿ ಮೆನ್' (1957) ಚಿತ್ರದಲ್ಲಿ ಕೊಲೆಯ ಆರೋಪ ಹೊತ್ತ ಹುಡುಗ ಆರಂಭದಲ್ಲಿ ಕೆಲವೇ ಕ್ಷಣ ಕಾಣುತ್ತಾನೆ, ಒಂದು ಮಾತನ್ನೂ ಆಡುವುದಿಲ್ಲ. ಅವನ ಮುಖ ಖಾಲಿ ಕೋಣೆಯ ಚಿತ್ರದೊಳಗೆ ಕರಗಿಹೋಗುತ್ತದೆ. ಆಮೇಲೆ ತೀರ್ಪು ಕೊಡಬೇಕಾದ ಹನ್ನೆರಡು ಜನ ಜ್ಯೂರಿ ಸದಸ್ಯರು ಆ ಕೋಣೆಯಲ್ಲಿ ಅವನ ಬಗ್ಗೆ ವಾದಿಸುವಾಗಲೆಲ್ಲ ಆ ಮುಖ ನಮ್ಮೊಳಗೆ ಉಳಿದಿರುತ್ತದೆ. ಕೊಲೆ ಮಾಡಿದವನು ಯಾರೆಂದು ಚಿತ್ರ ಕೊನೆಗೂ ಹೇಳುವುದಿಲ್ಲ. ಇದು ಕಠಿಣ ದಾರಿ. ಸಂಭಾಷಣೆ ಬರೆಯುವವರು ಬಲಶಾಲಿಗಳಾಗಿದ್ದರೆ ಮಾತ್ರ ಕೈ ಹಾಕಿ.

ಮೂರನೆಯದರಲ್ಲಿ ಆಕೆ ಕದ್ದಿದ್ದಾಳೆಂದು ಗೊತ್ತಿದ್ದೂ ನಾವು ಆಕೆಯ ಪಕ್ಕ ಬಿಡುವುದಿಲ್ಲ. ಇದಕ್ಕೆ ಹಂತ 2 ಮತ್ತು 3 ಅತ್ಯಂತ ಗಟ್ಟಿಯಾಗಿರಬೇಕು.

ಇವುಗಳಲ್ಲಿ ಒಂದನ್ನು ಆರಿಸಿದ ಮೇಲೆ ನಡುವೆ ಬದಲಿಸುವಂತಿಲ್ಲ. ಕೊನೆಯ ದೃಶ್ಯದಲ್ಲಿ "ನಿಜವಾದ ಕಳ್ಳ ಇವನು" ಎಂದು ಅಂಗಡಿಯ ಗುಮಾಸ್ತನನ್ನು ತಂದು ನಿಲ್ಲಿಸುವ ತಪ್ಪು ನಮ್ಮ ಕಿರುಚಿತ್ರಗಳಲ್ಲಿ ಬಹಳ. ಆ ಕ್ಷಣದಲ್ಲಿ ಪ್ರೇಕ್ಷಕರ ಗಮನ ಆಕೆಯನ್ನು ಬಿಟ್ಟು ಒಗಟಿನ ಉತ್ತರದ ಕಡೆಗೆ ಹೋಗುತ್ತದೆ.

ಹಂತ 5: ಕ್ಯಾಮೆರಾದ ಎತ್ತರ ಮತ್ತು ದೂರ

ದುರ್ಬಲರನ್ನು ಮೇಲಿನಿಂದ ತೋರಿಸಬೇಕೆಂಬ ಪಾಠವನ್ನು ಎಲ್ಲರೂ ಎಲ್ಲಿಂದಲೋ ಕಲಿತು ಬಂದಿರುತ್ತಾರೆ. ಅದನ್ನು ಮರೆಯಿರಿ. ಮೇಲಿನಿಂದ ತೋರಿಸಿದರೆ ಕಾಣುವುದು ಠಾಣಾಧಿಕಾರಿಯ ಕಣ್ಣಿನ ನೋಟ. ನೆಲದ ಮೇಲೆ ಕೂತ ವಯಸ್ಕರ ಕಣ್ಣಿನ ಎತ್ತರ ಸುಮಾರು ಎರಡೂವರೆ ಅಡಿ. ಆಕೆ ನೆಲದ ಮೇಲಿದ್ದರೆ ಕ್ಯಾಮೆರಾವೂ ಅದೇ ಎತ್ತರದಲ್ಲಿರಲಿ. ಆಗ ಸುತ್ತ ನಿಂತವರು ಮುಖಗಳಾಗಿ ಕಾಣುವುದಿಲ್ಲ, ಬೆಲ್ಟು, ಬೂಟು, ಲಾಠಿಯ ತುದಿ, ಚಹಾದ ಲೋಟ ಹಿಡಿದ ಕೈ ಇಷ್ಟೇ ಕಾಣುತ್ತದೆ. ಅಧಿಕಾರಿಯ ಮುಖವನ್ನು ಅವನು ಬಾಗಿದಾಗ ಮಾತ್ರ ತೋರಿಸಿ.

ಲ್ಯುಮೆಟ್ ತನ್ನ ಚಿತ್ರದ ಮೊದಲ ಮೂರನೇ ಒಂದು ಭಾಗವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ, ಎರಡನೆಯದನ್ನು ಕಣ್ಣಿನ ಮಟ್ಟದಿಂದ, ಕೊನೆಯದನ್ನು ಕೆಳಗಿನಿಂದ ತೆಗೆದ. ಜೊತೆಗೆ ಲೆನ್ಸ್‌ನ ಫೋಕಲ್ ಲೆಂತನ್ನೂ (ಮಿ.ಮೀ. ಅಂಕಿಯನ್ನು) ಹೆಚ್ಚಿಸುತ್ತ ಹೋದದ್ದರಿಂದ ಗೋಡೆಗಳು ಹತ್ತಿರವಾದಂತೆ, ಚಾವಣಿ ಇಳಿದಂತೆ ಅನಿಸುತ್ತದೆ. ಇದರಿಂದ ನಾವು ಕಲಿಯಬೇಕಾದದ್ದು ಆ ಅಳತೆಗಳನ್ನಲ್ಲ. ಎತ್ತರ ಮತ್ತು ದೂರದ ಯೋಜನೆ ಇಡೀ ಚಿತ್ರಕ್ಕೆ ಮೊದಲೇ ಇರಬೇಕು, ಶಾಟಿನಿಂದ ಶಾಟಿಗೆ ಮನಸ್ಸಿಗೆ ಬಂದಂತೆ ಬದಲಾಗಬಾರದು. ಒಂದು ಹಾಳೆಯಲ್ಲಿ ದೃಶ್ಯಗಳ ಪಟ್ಟಿ ಮಾಡಿ ಪ್ರತಿಯೊಂದರ ಮುಂದೆ ಕ್ಯಾಮೆರಾದ ಎತ್ತರವನ್ನು ಅಡಿಯಲ್ಲಿ ಬರೆದುಕೊಂಡೇ ಚಿತ್ರೀಕರಣಕ್ಕೆ ಹೋಗಿ.

ಕ್ಲೋಸಪ್‌ನ ವಿಷಯದಲ್ಲಿ ಜಿಪುಣರಾಗಿ. ಡೆನ್ಮಾರ್ಕಿನ ನಿರ್ದೇಶಕ ಕಾರ್ಲ್ ಡ್ರೈಯರ್ 1928ರ ತನ್ನ ಚಿತ್ರದಲ್ಲಿ ಜೋನ್ ಆಫ್ ಆರ್ಕ್‌ಳ ವಿಚಾರಣೆಯನ್ನು ಹೆಚ್ಚಾಗಿ ಮುಖಗಳ ಮೇಲೆಯೇ ಕಟ್ಟಿದ, ನಟಿ ಫಾಲ್ಕೊನೆಟ್ಟಿಯ ಮುಖಕ್ಕೆ ಬಣ್ಣ ಹಚ್ಚದೆ. ಅದು ಸಾಧ್ಯವಾದದ್ದು ಆ ಮುಖಕ್ಕೆ ಹೇಳಲು ಅಷ್ಟಿತ್ತು ಎಂಬ ಕಾರಣಕ್ಕೆ. ಹದಿನೈದು ನಿಮಿಷದ ಕಿರುಚಿತ್ರದಲ್ಲಿ ಆರೋಪಿಯ ಮುಖದ ಪೂರ್ಣ ಕ್ಲೋಸಪ್ ಮೂರಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ನಿಯಮ. ಮೂರರಲ್ಲಿ ಒಂದಾದರೂ ಆಕೆ ಅಳುತ್ತಿಲ್ಲದ, ಏನನ್ನೋ ಗಮನವಿಟ್ಟು ಕೇಳಿಸಿಕೊಳ್ಳುವ ಕ್ಷಣದ್ದಾಗಿರಲಿ. ಅಳುವ ಮುಖಕ್ಕಿಂತ ಅರ್ಥ ಮಾಡಿಕೊಳ್ಳಲು ಹೆಣಗುವ ಮುಖ ಪ್ರೇಕ್ಷಕರನ್ನು ಹೆಚ್ಚು ಹತ್ತಿರಕ್ಕೆ ಎಳೆಯುತ್ತದೆ. ಪೂರ್ತಿ ದೂರದಲ್ಲೇ ಉಳಿಯುವ ದಾರಿಯೂ ಇದೆ. ಚೈತನ್ಯ ತಮ್ಹಾಣೆಯವರ 2014ರ ಚಿತ್ರ 'ಕೋರ್ಟ್'ನಲ್ಲಿ ವಯಸ್ಸಾದ ಜನಪದ ಗಾಯಕನ ಪ್ರಕರಣ ಕದಲದ, ಅಗಲವಾದ ಚೌಕಟ್ಟುಗಳಲ್ಲಿ ಸಾಗುತ್ತದೆ. ಆ ದೂರವೇ ವ್ಯವಸ್ಥೆಯ ನಿರ್ಲಕ್ಷ್ಯವಾಗಿ ನಮ್ಮನ್ನು ತಟ್ಟುತ್ತದೆ.

ಹಂತ 6: ನೋಡುವ ಇನ್ನೊಂದು ಜೊತೆ ಕಣ್ಣು

ಕಥೆಯೊಳಗೆ ಆಕೆಯನ್ನು ಗಮನಿಸುವ ಇನ್ನೊಬ್ಬರಿರಲಿ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ದಲ್ಲಿ (1977) ವಿಧವೆ ಯಮುನೆಯ ಮೇಲೆ ಊರು ತೀರ್ಪು ಕೊಡುವುದನ್ನು ನಾವು ಬಹುಪಾಲು ನಾಣಿ ಎಂಬ ಪುಟ್ಟ ಹುಡುಗನ ಜೊತೆ ನಿಂತು ನೋಡುತ್ತೇವೆ. ಅವನಿಗೆ ಎಲ್ಲವೂ ಅರ್ಥವಾಗುವುದಿಲ್ಲ, ತಡೆಯುವ ಶಕ್ತಿಯೂ ಇಲ್ಲ. ಪ್ರೇಕ್ಷಕರ ಸ್ಥಿತಿಯೂ ಅದೇ ಆದ್ದರಿಂದ ಅವನ ಕಣ್ಣು ಅವರ ಕಣ್ಣಾಗುತ್ತದೆ.

ಆ ಇನ್ನೊಬ್ಬರಿಗೆ ಅಧಿಕಾರ ಕಡಿಮೆಯಿರಬೇಕು. ನಮ್ಮ ಕಥೆಯಲ್ಲಿ ಕಾವಲಿಗೆ ಕೂತ ಮಹಿಳಾ ಕಾನ್‌ಸ್ಟೇಬಲ್ ಆ ಕೆಲಸ ಮಾಡುತ್ತಾಳೆ. ತೋಳು ಎತ್ತಿ ಕಣ್ಣೊರೆಸಿಕೊಳ್ಳುವುದನ್ನು ಕಂಡು ಏನೂ ಕೇಳದೆ ತನ್ನ ಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಬೆಂಚಿನ ಮೇಲೆ ಇಡುತ್ತಾಳೆ. ಅವಳ ತಾಯಿಯೂ ಅದೇ ಕೆಲಸ ಮಾಡಿರಬಹುದೆಂದು ನಾವೇ ಊಹಿಸಿಕೊಳ್ಳುತ್ತೇವೆ. ವಕೀಲನಿಗೆ ಈ ಜಾಗ ಕೊಟ್ಟರೆ ಅವನು ಭಾಷಣ ಮಾಡುತ್ತಾನೆ, ಚಿತ್ರ ಅವನದಾಗುತ್ತದೆ, ಆಕೆ ಅವನ ಗೆಲುವಿನ ಸಾಮಗ್ರಿಯಾಗಿ ಮೂಲೆಯಲ್ಲಿ ಉಳಿಯುತ್ತಾಳೆ. ಕೊನೆಯ ಹತ್ತು ಸಂಭಾಷಣೆಗಳಲ್ಲಿ ಆರು ವಕೀಲನದಾಗಿದ್ದರೆ ಚಿತ್ರಕಥೆ ದಾರಿ ತಪ್ಪಿದೆ ಎಂದು ತಿಳಿಯಿರಿ.

ಹಂತ 7: ಮಾತು, ಮೌನ, ಮತ್ತು 'ನೀ'–'ನೀವು'

ಕನ್ನಡದಲ್ಲಿ ಚಿತ್ರ ಮಾಡುವವರ ಕೈಯಲ್ಲಿ ಏಕವಚನ ಮತ್ತು ಬಹುವಚನವೆಂಬ ದೊಡ್ಡ ಸಲಕರಣೆಯಿದೆ. ಅದನ್ನು ಯೋಚಿಸಿ ಬಳಸುವವರು ಕಡಿಮೆ. ಪೇಟೆಯಲ್ಲಿ ಜೊತೆಗಾರ್ತಿಯರು ಆಕೆಯನ್ನು "ಯಕ್ಕಾ" ಎನ್ನುತ್ತಾರೆ. ಅಂಗಡಿಯ ಮಾಲೀಕ ಹೆಸರು ಹಿಡಿದು ಕರೆಯುತ್ತಾನೆ. ಠಾಣೆಯಲ್ಲಿ "ಏಳಬೇ, ನಡಿ" ಎಂಬ ಮಾತು ಬರುತ್ತದೆ. ಮನೆಯಲ್ಲಿ ಮಗ ಪ್ರೀತಿಯಿಂದ ಹಚ್ಚುವ 'ಬೇ' ಇಲ್ಲಿ ಚುಚ್ಚುತ್ತದೆ, ಆ ಎರಡೂ 'ಬೇ'ಗಳು ಚಿತ್ರದಲ್ಲಿರಬೇಕು. ಕೋರ್ಟಿನಲ್ಲಿ ನ್ಯಾಯಾಧೀಶರು ಕಾಗದದಿಂದ ತಲೆ ಎತ್ತಿ, "ನಿಮ್ಮ ಹೆಸರೇನ್ರೀ?" ಎಂದಾಗ, ಆ 'ನಿಮ್ಮ' ತನಗೇ ಎಂದು ತಿಳಿಯದೆ ಆಕೆ ಹಿಂದೆ ತಿರುಗಿ ನೋಡುವ ಅರ್ಧ ಕ್ಷಣಕ್ಕಿಂತ ಬಲವಾದ ಸಂಭಾಷಣೆಯನ್ನು ಯಾರೂ ಬರೆಯಲಾರರು. ಆ ಕ್ಷಣ ದಕ್ಕಬೇಕೆಂದರೆ ಅದಕ್ಕೂ ಮೊದಲು ಯಾವ ಅಧಿಕಾರಿಯೂ ಆಕೆಗೆ ಬಹುವಚನ ಬಳಸಿರಬಾರದು. ಸಂಭಾಷಣೆಯ ಪ್ರತಿಯನ್ನು ಹಿಡಿದು ಯಾರು ಯಾರಿಗೆ ಏನೆಂದು ಕರೆಯುತ್ತಾರೆಂದು ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿ ನೋಡಿ.

ಕೋರ್ಟಿನ ಬರಹದ ಕನ್ನಡಕ್ಕೂ ಆಕೆಯ ಮಾತಿನ ಕನ್ನಡಕ್ಕೂ ಇರುವ ದೂರವೂ ಹಾಗೆಯೇ ಉಪಯುಕ್ತ. ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಗೆ ನೇರವಾಗಿ ಪ್ರಶ್ನೆ ಕೇಳುವ ಹಂತವೊಂದಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಕಲಂ 313, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕಲಂ 351. ಅಲ್ಲಿ ಪ್ರಮಾಣವಚನವಿಲ್ಲ. "ಸದರಿ ದಿನಾಂಕದಂದು ಸದರಿ ಅಂಗಡಿಯಲ್ಲಿ ನೀವು ಇದ್ದಿರಿ ಎಂದು ಸಾಕ್ಷಿದಾರರು ನುಡಿದಿದ್ದಾರೆ, ಏನು ಹೇಳುತ್ತೀರಿ?" ಎಂಬಂಥ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಆಕೆ ಮೊದಲ ಪ್ರಶ್ನೆಗೆ ಕಥೆ ಹೇಳಲು ಹೊರಡುತ್ತಾಳೆ, ವಕೀಲರು ತಡೆದು "ಸುಳ್ಳು ಅನ್ರಿ ಸಾಕು" ಎನ್ನುತ್ತಾರೆ. ಆಮೇಲಿನ ಪ್ರತಿ ಪ್ರಶ್ನೆಗೂ "ಸುಳ್ಳರಿ", "ಸುಳ್ಳರಿ" ಎಂಬ ಉತ್ತರ. ಅಂಗಡಿಯಲ್ಲಿ ಇದ್ದದ್ದು ನಿಜವೇ ಆದರೂ ಅದಕ್ಕೂ "ಸುಳ್ಳರಿ" ಎಂದು ಹೇಳಿಬಿಟ್ಟು, ತಪ್ಪಾಯಿತೆಂದು ಹೊಳೆದು ಮುಖ ಬಿಳುಚಿಕೊಳ್ಳುತ್ತಾಳೆ. ಈ ದೃಶ್ಯವನ್ನು ಕತ್ತರಿಸದೆ ಒಂದೇ ಶಾಟಿನಲ್ಲಿ ತೆಗೆಯಿರಿ.

ತನ್ನ ನಿರಪರಾಧಿತ್ವದ ಬಗ್ಗೆ ಆರೋಪಿಯೇ ಉದ್ದವಾಗಿ ಮಾತಾಡುವ ದೃಶ್ಯವಿದ್ದರೆ ಹೊಡೆದುಹಾಕಿ.

ಹಂತ 8: ಎದುರಿಗಿರುವವರನ್ನು ರಾಕ್ಷಸರನ್ನಾಗಿ ಮಾಡಬೇಡಿ

ಅಂಗಡಿಯ ಮಾಲೀಕ ನಿಜವಾಗಿಯೂ ಹಣ ಕಳೆದುಕೊಂಡಿದ್ದಾನೆ. ಮರುದಿನ ರೈತರಿಗೆ ಕೊಡಬೇಕಾದ ಹಣ ಅದು. ಪಿಎಸ್‌ಐಗೆ ಮೇಲಿನವರ ಒತ್ತಡವಿದೆ. ಮೀಸೆ ತಿರುವಿ ನಗುವ ಅಧಿಕಾರಿಯನ್ನು ತಂದರೆ ಪ್ರೇಕ್ಷಕರ ಸಿಟ್ಟೆಲ್ಲ ಅವನ ಮೇಲೆ ತೀರಿಹೋಗುತ್ತದೆ, ಆಕೆಗಾಗಿ ಉಳಿಯುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಮಾಮೂಲಿನಂತೆ ಮಾಡುತ್ತಿರುವಾಗಲೇ ಆಕೆ ನಲುಗುವುದು ಹೆಚ್ಚು ನೋವಿನದು.

ಹಂತ 9: ಕಾನೂನಿನ ವಿವರ ತಪ್ಪದಿರಲಿ

ಒಂದು ತಪ್ಪು ಕಂಡರೂ ಸಾಕು, ಪ್ರೇಕ್ಷಕರಲ್ಲಿರುವ ವಕೀಲರು, ಪೊಲೀಸರು, ಕೋರ್ಟು ಅಲೆದವರು ಚಿತ್ರವನ್ನು ನಂಬುವುದನ್ನು ಬಿಡುತ್ತಾರೆ. ಹೈಕೋರ್ಟಿನ ಪೀಠ ಇರುವ, ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ ಇರುವ ಈ ಭಾಗದಲ್ಲಿ ಅಂಥವರು ಪ್ರತಿ ಪ್ರದರ್ಶನದಲ್ಲೂ ಇರುತ್ತಾರೆ.

ನಮ್ಮ ನ್ಯಾಯಾಧೀಶರು ಮರದ ಸುತ್ತಿಗೆ ಬಡಿಯುವುದಿಲ್ಲ. ಸಾಕ್ಷಿ ಗ್ರಂಥದ ಮೇಲೆ ಕೈಯಿಟ್ಟು ಪ್ರಮಾಣ ಮಾಡುವುದಿಲ್ಲ. ವಿಚಾರಣಾಧೀನ ಕೈದಿ ತನ್ನದೇ ಬಟ್ಟೆಯಲ್ಲಿರುತ್ತಾನೆ, ಪಟ್ಟೆಯ ಸಮವಸ್ತ್ರದಲ್ಲಲ್ಲ. ಬಂಧಿಸಿದವರನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆದ್ದರಿಂದ ನಮ್ಮ ಕಥೆಯ ಮೂರು ದಿನದ ಕಸ್ಟಡಿಗೆ ಮ್ಯಾಜಿಸ್ಟ್ರೇಟರ ಆದೇಶದ ಒಂದು ಚಿಕ್ಕ ದೃಶ್ಯವಾದರೂ ಬೇಕೇಬೇಕು. ವಿಶೇಷ ಸಂದರ್ಭ ಮತ್ತು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಇಲ್ಲದೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯನ್ನು ಬಂಧಿಸುವಂತಿಲ್ಲ. ಅಂಥ ಅನುಮತಿಯಿಲ್ಲದ ನಡುರಾತ್ರಿಯ ಬಂಧನ ತೋರಿಸುವುದಾದರೆ ಅದು ಕಾನೂನುಬಾಹಿರವೆಂಬುದು ಕಥೆಯಲ್ಲಿ ಲೆಕ್ಕಕ್ಕೆ ಬರಬೇಕು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡಲಾಗದು. ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಪಡೆಯುವಂತಿಲ್ಲ, ಆದರೆ ಬಂಧನದ ಮೆಮೊಗೆ, ಅಂದರೆ ಬಂಧನವನ್ನು ದಾಖಲಿಸುವ ಪತ್ರಕ್ಕೆ, ಬಂಧಿತರ ಸಹಿ ಬೇಕು. ನಮ್ಮ ಹೆಬ್ಬೆಟ್ಟಿನ ದೃಶ್ಯವನ್ನು ಆ ಮೆಮೊದ ಮೇಲೆಯೇ ಇಟ್ಟದ್ದು ಈ ಕಾರಣಕ್ಕೆ.

"ವಕೀಲರಿಗೆ ಕೊಡಲು ದುಡ್ಡಿಲ್ಲ" ಎಂಬ ಮಾತಿನ ಮೇಲೆ ಇಡೀ ಕಥೆ ನಿಲ್ಲಿಸುವವರು ಗಮನಿಸಿ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಬಂಧನದಲ್ಲಿರುವವರಿಗೂ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಹಾಗಾಗಿ ದುಡ್ಡಿಲ್ಲದ್ದನ್ನು ಬಿಟ್ಟು, ಆ ಹಕ್ಕಿನ ಬಗ್ಗೆ ಆಕೆಗೆ ಯಾರೂ ಹೇಳಲಿಲ್ಲ ಎಂಬಲ್ಲಿ ಕಥೆ ಹುಡುಕಿ. ಹೊಸ ಕ್ರಿಮಿನಲ್ ಸಂಹಿತೆಗಳು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಘಟನೆ ಅದಕ್ಕೂ ಹಿಂದಿನದಾದರೆ ಎಫ್‌ಐಆರ್‌ನಲ್ಲಿ ಹಳೆಯ ಕಲಂಗಳೇ ಇರಬೇಕು. ಆರೋಪಿ ಹದಿನೆಂಟರೊಳಗಿನವರಾದರೆ ಲಾಕಪ್ಪೂ ಇಲ್ಲ, ಜೈಲೂ ಇಲ್ಲ, ಬಾಲನ್ಯಾಯ ಮಂಡಳಿ. ನಿಜ ಘಟನೆಯನ್ನು ಆಧರಿಸಿದ್ದರೆ ಆ ಮಗುವಿನ ಗುರುತು ಸಿಗುವ ಯಾವ ವಿವರವನ್ನೂ ಬಳಸಬಾರದು.

ಹಂತ 10: ಶಬ್ದ ಮತ್ತು ಸಂಕಲನ

ಮೊದಲ ಸಂಕಲನವನ್ನು ಸಂಗೀತವೇ ಇಲ್ಲದೆ ಮಾಡಿ. ಸಂಗೀತವಿಲ್ಲದೆ ನಿಲ್ಲದ ದೃಶ್ಯ ಸಂಗೀತ ಹಾಕಿದರೂ ನಿಲ್ಲುವುದಿಲ್ಲ, ಅದರ ದೋಷ ಹಂತ 2 ಅಥವಾ 3ರಲ್ಲಿರುತ್ತದೆ. ಕೋರ್ಟಿನ ಫ್ಯಾನು, ಕೀಬೋರ್ಡಿನ ಟಕಟಕ, ಕಾರಿಡಾರಿನಲ್ಲಿ ಜವಾನ ಆಕೆಯ ಹೆಸರನ್ನು ಮೂರು ಸಲ ಕೂಗುವ ಧ್ವನಿ, ಇಷ್ಟು ಸಾಕು. ಕೂಗುವ ಧ್ವನಿಯನ್ನು ಆಕೆ ನಿಂತ ದೂರದಿಂದ ಕೇಳಿಸುವಷ್ಟೇ ಕೇಳಿಸಿ.

ಭಾವವಿಲ್ಲದ ಒಂದೇ ಮುಖಕ್ಕೆ ಪಕ್ಕದ ಶಾಟ್ ಅರ್ಥ ಕೊಡುತ್ತದೆ ಎಂಬುದನ್ನು ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಪ್ರಯೋಗ ಮಾಡಿ ತೋರಿಸಿದ. ನಮ್ಮಲ್ಲಿ ಇದನ್ನು ಬಳಸುವುದು ಹೀಗೆ: ಪ್ರಾಸಿಕ್ಯೂಟರ್ ಮಾತಾಡುವಾಗ ಆಕೆಯ ಮುಖಕ್ಕೆ ಕತ್ತರಿಸಬೇಡಿ, ಆಕೆ ಏನನ್ನು ನೋಡುತ್ತಿದ್ದಾಳೋ ಅದಕ್ಕೆ ಕತ್ತರಿಸಿ. ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳು ಮುಗಿಯಲು ಎರಡು ದಿನ ಉಳಿದಿದೆ. ಅಕ್ಕಿಯ ನೆನಪನ್ನು ಪ್ರೇಕ್ಷಕರು ತಾವೇ ತಂದುಕೊಳ್ಳುತ್ತಾರೆ, ಆಗ ಆಕೆಯ ಭಾವವಿಲ್ಲದ ಮುಖದಲ್ಲೂ ಅವರಿಗೆ ಎಲ್ಲ ಕಾಣುತ್ತದೆ.

ಹಂತ 11: ಪರೀಕ್ಷಾ ಪ್ರದರ್ಶನ

ಚಿತ್ರರಂಗಕ್ಕೆ ಸಂಬಂಧವಿಲ್ಲದ ಆರೇಳು ಜನರನ್ನು ಕೂರಿಸಿ. ನಿಮ್ಮ ಗೆಳೆಯರು ಬೇಡ. ಮುಗಿದ ಮೇಲೆ "ಹೇಗನಿಸಿತು" ಎಂದು ಕೇಳಬೇಡಿ. ಮೂರು ಪ್ರಶ್ನೆ ಸಾಕು: ಆಕೆ ಏನು ಕೆಲಸ ಮಾಡುತ್ತಿದ್ದಳು? ಆ ತಿಂಗಳು ಮುಗಿಯುವುದರೊಳಗೆ ಆಕೆಗೆ ಏನಾಗಬೇಕಿತ್ತು? ನೀವು ಎಲ್ಲಿ ಎದ್ದು ಏನಾದರೂ ಹೇಳಬೇಕೆನಿಸಿತು?

ಮೊದಲೆರಡಕ್ಕೆ ಉತ್ತರ ಬಾರದಿದ್ದರೆ ಮರುಸಂಕಲನದಿಂದ ಪ್ರಯೋಜನವಿಲ್ಲ, ಪೇಟೆಯ ದೃಶ್ಯವನ್ನು ಮತ್ತೆ ತೆಗೆಯಬೇಕು. ಮೂರನೆಯದಕ್ಕೆ ಹೆಚ್ಚಿನವರು ಒಂದೇ ಜಾಗವನ್ನು ಹೇಳಿದರೆ ಆ ಜಾಗವನ್ನು ಮುಟ್ಟದೆ ಅದರ ಹಿಂದಿನ ಮತ್ತು ಮುಂದಿನ ಅರ್ಧ ನಿಮಿಷವನ್ನು ಬಿಗಿಗೊಳಿಸಿ. ಯಾರಾದರೂ "ಪಾಪ" ಎಂದರೆ ಅವರು ಯಾವ ಶಾಟ್ ನೋಡುವಾಗ ಹಾಗೆ ಅಂದುಕೊಂಡರೆಂದು ಕೇಳಿ ಬರೆದುಕೊಳ್ಳಿ. ಬಹುತೇಕ ಅದು ಕ್ಯಾಮೆರಾ ಮೇಲಿನಿಂದ ನೋಡಿದ ಶಾಟ್ ಅಥವಾ ನಾಲ್ಕನೆಯ ಕ್ಲೋಸಪ್ ಆಗಿರುತ್ತದೆ. ಅದನ್ನು ತೆಗೆದು, ಮುಂದಿನ ಪ್ರದರ್ಶನವನ್ನು ಬೇರೆ ಆರೇಳು ಜನರಿಗೆ ಇಡಿ, ಏಕೆಂದರೆ ಒಮ್ಮೆ ನೋಡಿದವರು ಆಕೆಯನ್ನು ಮೊದಲ ಸಲ ಭೇಟಿಯಾಗಲು ಸಾಧ್ಯವಿಲ್ಲ.